ಜೈಲಿಗೆ ತರಬೇತಿಗೆ ಹೋಗುವ ಮನಃಶಾಸ್ತ್ರದ ವಿದ್ಯಾರ್ಥಿಗಳನ್ನು ಹೇಗೆ ಸಜ್ಜು ಮಾಡಬೇಕು?

"ನಮ್ಮ ಎಂಎಸ್ಸಿ ಮಕ್ಕಳನ್ನು ಈ ಸಲ ಜೈಲಿಗೆ ಫೀಲ್ಡ್‌ವರ್ಕ್‌ಗೆ ಕಳಿಸಬೇಕು ಅಂತಿದ್ದೀವಿ. ಏನು ಹೇಳಿ ಕಳಿಸೋಣ?" ಮನಃಶಾಸ್ತ್ರ ವಿಭಾಗದ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆ ಇದು. ಸುಮ್ನೆ ಹೇಳಿ ಕಳಿಸಿದರೆ ಸಾಲದು, ಬಾಯಲ್ಲಿ ಆಡಿಸಿ, ಅಭ್ಯಾಸ ಮಾಡಿಸಿ ಕಳಿಸಬೇಕು. ನೀತಿಯ ಪಾಠವನ್ನು ತರಗತಿಯಲ್ಲಿ ಎಷ್ಟು ಚೆನ್ನಾಗಿ ಓದಿದ್ದರೂ, ಜೈಲಿನೊಳಗೆ ಒಬ್ಬ ಬಂದಿ "ಮೇಡಂ, ಇದೊಂದು ನಂಬರಿಗೆ ಫೋನ್ ಮಾಡಿ ಬಿಡಿ" ಅಂದಾಗ ಉತ್ತರ ಕೊಡಲು ಸಿಗುವುದು ಎರಡು ಮೂರು ಸೆಕೆಂಡು. ಆ ಉತ್ತರ ಮೊದಲೇ ನಾಲಿಗೆ ಮೇಲೆ ಇರಬೇಕು. ಈ ಲೇಖನ ಬರೆದಿರುವುದು ವಿದ್ಯಾರ್ಥಿಗಳನ್ನು ಕಳಿಸುವ ಅಧ್ಯಾಪಕರಿಗೆ ಮತ್ತು ಮೇಲ್ವಿಚಾರಕರಿಗೆ. ವಿದ್ಯಾರ್ಥಿಗಳೂ ಓದಬಹುದು.

ಮೊದಲು ಒಂದೆರಡು ಅಂಕಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಹೇಳುತ್ತದೆ. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಕೇಸು ಇನ್ನೂ ಕೋರ್ಟಿನಲ್ಲಿ ನಡೆಯುತ್ತಿದೆ, ತಪ್ಪು ಸಾಬೀತಾಗಿಲ್ಲ. ನಿಮ್ಮ ವಿದ್ಯಾರ್ಥಿಯ ಎದುರು ಕೂರುವವರು ಹೆಚ್ಚಾಗಿ ಇವರೇ. ಅವರು ಆಡುವ ಒಂದು ಮಾತು, ವಿದ್ಯಾರ್ಥಿ ಬರೆದುಕೊಳ್ಳುವ ಒಂದು ಸಾಲು, ನಾಳೆ ಕೇಸಿಗೆ ತಾಗಬಹುದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದನ್ನೆಲ್ಲ ಓದಿ.

ಕೆಲಸದ ಅಗತ್ಯದ ಬಗ್ಗೆ ಅನುಮಾನವೇ ಬೇಡ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ 5000ಕ್ಕೂ ಹೆಚ್ಚು ಬಂದಿಗಳನ್ನು ಸಮೀಕ್ಷೆ ಮಾಡಿ 2011ರಲ್ಲಿ ವರದಿ ಕೊಟ್ಟಿತು. ಮಾದಕ ವಸ್ತುಗಳ ತೊಂದರೆಯನ್ನು ಬಿಟ್ಟು ನೋಡಿದರೂ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಮಾನಸಿಕ ಕಾಯಿಲೆ ಇತ್ತು. 500 ಬಂದಿಗಳಿಗೆ ಒಬ್ಬ ಮನಃಶಾಸ್ತ್ರಜ್ಞರಾದರೂ ಇರಬೇಕು ಎಂದು 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. ನಮ್ಮ ಜೈಲುಗಳು ಆ ಮಟ್ಟದಿಂದ ಬಹಳ ದೂರದಲ್ಲಿವೆ. ಹಾಗಾಗಿ ಒಳಗೆ ಹೋಗುವ ವಿದ್ಯಾರ್ಥಿಯ ಮೇಲೆ ಮೊದಲ ದಿನದಿಂದಲೇ ಭಾರ ಬೀಳುತ್ತದೆ. "ನೀವೇ ನೋಡಿ ಬಿಡಿ" ಎಂದು ಕೇಸುಗಳನ್ನು ಒಪ್ಪಿಸಿಬಿಡುತ್ತಾರೆ.

ಬೇಕಾಗುವುದು ಇಷ್ಟು: ಕಾರಾಗೃಹ ಇಲಾಖೆಯ ಲಿಖಿತ ಅನುಮತಿ. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಆದ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಮೇಲ್ವಿಚಾರಕರಾಗಿ. ಫೋನ್ ಮಾಡಿದರೆ ಸಿಗುವ ಒಬ್ಬ ಕ್ರಿಮಿನಲ್ ವಕೀಲರು. ವಿದ್ಯಾರ್ಥಿ ಗೇಟು ದಾಟುವ ಮೊದಲು ಕನಿಷ್ಠ ಎರಡು ಮೂರು ವಾರದ ತಯಾರಿ. ಮೇಲ್ವಿಚಾರಕರು ಇಲ್ಲ ಅಂದರೆ ಕಳಿಸಬೇಡಿ. ಎಂಎಸ್ಸಿ ಓದುತ್ತಿರುವವರು ಕಾನೂನಿನ ಕಣ್ಣಲ್ಲಿ ಇನ್ನೂ ಮಾನಸಿಕ ಆರೋಗ್ಯ ವೃತ್ತಿಪರರಲ್ಲ. ಅವರ ಕೆಲಸದ ಹೊಣೆ ನಿಮ್ಮದು.

1. ಜೈಲಿನ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ

ಅಧೀಕ್ಷಕರು ಒಳ್ಳೆಯವರು, ಬಾಯಿ ಮಾತಲ್ಲೇ ಒಪ್ಪಿದ್ದಾರೆ ಎಂದು ಬಿಡಬೇಡಿ. ಅಧೀಕ್ಷಕರಿಗೆ ವರ್ಗಾವಣೆ ಆಗುತ್ತದೆ. ಹೊಸಬರು ಬಂದು "ಆ ಬಂದಿ ಏನಂದ, ಒಂದು ರಿಪೋರ್ಟ್ ಕೊಡಿ" ಅಂದರೆ ವಿದ್ಯಾರ್ಥಿ ಏನು ತೋರಿಸಬೇಕು? ಆ ಒಂದು ಪುಟದ ಒಪ್ಪಂದವನ್ನು.

ಅದರಲ್ಲಿ ಈ ವಿಷಯಗಳು ಇರಲಿ. ಮಾತುಕತೆ ನಡೆಯುವ ಜಾಗ ಸಿಬ್ಬಂದಿಯ ಕಣ್ಣಿಗೆ ಬೀಳಬೇಕು, ಮಾತು ಕಿವಿಗೆ ಬೀಳಬಾರದು. ಟಿಪ್ಪಣಿಗಳು ಎಲ್ಲಿರುತ್ತವೆ, ಬೀಗ ಯಾರ ಹತ್ತಿರ. ಯಾವ ಮಾಹಿತಿಯನ್ನು ಜೈಲಿಗೆ ತಿಳಿಸಲೇಬೇಕು. ತಪ್ಪಿಸಿಕೊಳ್ಳುವ ಯೋಜನೆ, ಒಳಗೆ ಆಯುಧ ಇರುವ ಸುಳಿವು, ಇಂಥವುಗಳ ಬಗ್ಗೆ ಮೊದಲೇ ಮಾತಾಡಿ ಬರೆದುಕೊಳ್ಳಿ. ಅಪಾಯ ಕಂಡರೆ ಯಾರಿಗೆ ಹೇಳಬೇಕು, ರಾತ್ರಿ ಆದರೆ ಯಾರಿಗೆ.

ವಿದ್ಯಾರ್ಥಿ ಏನು ಮಾಡುವುದಿಲ್ಲ ಎಂಬುದೂ ಅಲ್ಲೇ ಇರಬೇಕು. ಶಿಸ್ತು ಕ್ರಮಕ್ಕೆ, ಪೆರೋಲ್‌ಗೆ, ಸನ್ನಡತೆಯ ಬಿಡುಗಡೆಗೆ ವರದಿ ಬರೆಯುವುದಿಲ್ಲ. ತಪಾಸಣೆಯಲ್ಲಿ, ವಿಚಾರಣೆಯಲ್ಲಿ ಕೂರುವುದಿಲ್ಲ. ಇದಕ್ಕೆ ಆಧಾರ ಇದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳು (ಬಂದಿಗಳನ್ನು ನಡೆಸಿಕೊಳ್ಳುವ ಕನಿಷ್ಠ ಮಟ್ಟವನ್ನು ಹೇಳುವ ನಿಯಮಗಳು) ಆರೋಗ್ಯ ಸಿಬ್ಬಂದಿಗೆ ಶಿಕ್ಷೆ ಕೊಡುವುದರಲ್ಲಿ ಯಾವ ಪಾತ್ರವೂ ಇರಬಾರದು ಎನ್ನುತ್ತವೆ. ಅದು 46ನೇ ನಿಯಮ. ಹೊರಗಿನ ರೋಗಿಗೆ ಯಾವ ನೀತಿಯೋ ಒಳಗಿನವರಿಗೂ ಅದೇ ಎನ್ನುವುದು 32ನೇ ನಿಯಮ.

ಕರ್ನಾಟಕದವರು ಮರೆಯಬಾರದ ತೀರ್ಪು ಒಂದಿದೆ. 2010ರ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣ. ವ್ಯಕ್ತಿಯ ಒಪ್ಪಿಗೆ ಇಲ್ಲದೆ ನಾರ್ಕೊ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮನುಷ್ಯನ ಮನಸ್ಸಿನೊಳಗೆ ಬಲವಂತವಾಗಿ ಕೈಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂಬುದೇ ಅದರ ಸಾರ. ಮನಃಶಾಸ್ತ್ರ ಓದುವವರಿಗೆ ಇದಕ್ಕಿಂತ ಹತ್ತಿರದ ಪಾಠ ಇಲ್ಲ. ತರಗತಿಯಲ್ಲಿ ಒಂದು ಗಂಟೆ ಇದಕ್ಕೇ ಮೀಸಲಿಡಿ.

2. ಕಾನೂನು: ಒಂದು ದಿನ ಸಾಕು, ಆದರೆ ವಕೀಲರಿಂದಲೇ ಹೇಳಿಸಿ

ವಿದ್ಯಾರ್ಥಿಗಳಲ್ಲಿ ಒಂದು ತಪ್ಪು ತಿಳುವಳಿಕೆ ಗಟ್ಟಿಯಾಗಿ ಕೂತಿರುತ್ತದೆ. ಕ್ಲೈಂಟ್ ಹೇಳಿದ್ದನ್ನು ಯಾರೂ ನಮ್ಮಿಂದ ಹೊರಡಿಸಲು ಆಗುವುದಿಲ್ಲ ಎಂದುಕೊಂಡಿರುತ್ತಾರೆ. ವಕೀಲರಿಗೆ ಆ ರಕ್ಷಣೆ ಇದೆ. ಮನಃಶಾಸ್ತ್ರಜ್ಞರಿಗೆ ನಮ್ಮ ದೇಶದಲ್ಲಿ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೌಪ್ಯತೆಯ ಹಕ್ಕು ಕೊಡುತ್ತದೆ. ಅದೇ ಕಲಂ ವಿನಾಯಿತಿಗಳನ್ನೂ ಹೇಳುತ್ತದೆ: ಇನ್ನೊಬ್ಬರಿಗೆ ಹಾನಿ ತಪ್ಪಿಸಲು, ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಆದೇಶ ಮಾಡಿದಾಗ ಮಾಹಿತಿ ಕೊಡಬಹುದು.

ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ಗೊತ್ತಾದರೆ, ಅಥವಾ ಆಗಬಹುದು ಎಂಬ ಆತಂಕ ಇದ್ದರೆ, ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ಕ್ರಮವನ್ನು ಹೇಳುವ ಕಾನೂನು) 33ನೇ ಕಲಂ ಕೊಲೆ, ದರೋಡೆಯಂಥ ಕೆಲವು ಗಂಭೀರ ಅಪರಾಧಗಳ ಬಗ್ಗೆ ತಿಳಿದವರು ಮಾಹಿತಿ ಕೊಡಬೇಕು ಎನ್ನುತ್ತದೆ. ಇದು ಯಾವಾಗ ಅನ್ವಯ ಆಗುತ್ತದೆ ಎಂದು ವಿದ್ಯಾರ್ಥಿ ತಾನೇ ತೀರ್ಮಾನಿಸಬಾರದು. ನಿಮಗೆ ಹೇಳಬೇಕು, ನೀವು ವಕೀಲರನ್ನು ಕೇಳಬೇಕು.

ಇನ್ನೊಂದು ಸೂಕ್ಷ್ಮ ಇದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ನಿಮ್ಮ ವಿದ್ಯಾರ್ಥಿ ಪೊಲೀಸ್ ಅಲ್ಲ. ಅವಳ ಮುಂದೆ ಒಬ್ಬ ವಿಚಾರಣಾಧೀನ ಬಂದಿ "ಹೌದು, ನಾನೇ ಮಾಡಿದ್ದು" ಅಂದರೆ ಅವಳನ್ನೇ ಸಾಕ್ಷಿಯಾಗಿ ಕರೆಸುವ ಸಾಧ್ಯತೆ ಇದೆ. ನೆರವು ಕೊಡಲು ಹೋದವಳೇ ಅವನ ವಿರುದ್ಧ ನಿಲ್ಲಬೇಕಾದರೆ ಇಬ್ಬರಿಗೂ ಅದು ದೊಡ್ಡ ಪೆಟ್ಟು. ಹಾಗಾಗಿ ಘಟನೆಯ ಬಗ್ಗೆ ಕೇಳಲೇಬಾರದು. ನಿದ್ದೆ, ಊಟ, ಭಯ, ಮನೆಯವರ ನೆನಪು, ಮುಂದಿನ ಕೋರ್ಟ್ ದಿನಾಂಕದ ಒತ್ತಡ, ಇಷ್ಟರ ಬಗ್ಗೆ ಮಾತಾಡಿದರೂ ಒಂದು ಗಂಟೆ ಸಾಲುವುದಿಲ್ಲ.

3. ಮೊದಲ ಎರಡು ನಿಮಿಷದ ಮಾತನ್ನು ಬಾಯಿಪಾಠ ಮಾಡಿಸಿ

ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. ಗುಟ್ಟಿನ ಮಿತಿ ಏನು ಎಂಬುದನ್ನು ಬಂದಿ ಬಾಯಿ ಬಿಡುವ ಮೊದಲು ಹೇಳಬೇಕು. ಹೇಳಿಸಿಕೊಂಡ ಮೇಲೆ "ಇದನ್ನು ನಾನು ಮೇಲಿನವರಿಗೆ ತಿಳಿಸಬೇಕಾಗುತ್ತೆ" ಅಂದರೆ ಅದು ಮೋಸ. ಆ ಬ್ಯಾರಕ್‌ನಲ್ಲಿ ಮುಂದೆ ಬರುವ ಯಾವ ವಿದ್ಯಾರ್ಥಿಯನ್ನೂ ಯಾರೂ ನಂಬುವುದಿಲ್ಲ.

ಹೀಗೆ ಹೇಳಿಸಬಹುದು. ನಿಮ್ಮ ಊರಿನ ಮಾತಿಗೆ ತಕ್ಕಂತೆ ಬದಲಿಸಿಕೊಳ್ಳಿ:

"ನಮಸ್ಕಾರ. ನಾನು ಕಾಲೇಜಲ್ಲಿ ಮನಃಶಾಸ್ತ್ರ ಓದ್ತಾ ಇದ್ದೀನಿ, ಇಲ್ಲಿ ತರಬೇತಿಗೆ ಬಂದಿದ್ದೀನಿ. ನಾನು ಪೊಲೀಸ್ ಅಲ್ಲ, ವಕೀಲೆ ಅಲ್ಲ, ಜೈಲಿನ ಸಿಬ್ಬಂದಿಯೂ ಅಲ್ಲ. ನನ್ನ ಹತ್ತಿರ ಮಾತಾಡಿದರೆ ಜಾಮೀನು, ಪೆರೋಲ್ ಬೇಗ ಸಿಗೋದಿಲ್ಲ. ಮಾತಾಡಲ್ಲ ಅಂದರೆ ನಿಮಗೆ ತೊಂದರೆನೂ ಆಗೋದಿಲ್ಲ. ನೀವು ಹೇಳಿದ್ದನ್ನು ನನಗೆ ಕಲಿಸೋ ಮೇಡಂ ಜೊತೆ ಮಾತಾಡ್ತೀನಿ. ಕೆಲವು ವಿಷಯ ಮಾತ್ರ ನನ್ನಲ್ಲೇ ಇಟ್ಟುಕೊಳ್ಳೋಕೆ ಆಗೋದಿಲ್ಲ. ನಿಮ್ಮ ಜೀವಕ್ಕೆ ಅಪಾಯ ಇದ್ದರೆ, ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ, ಯಾವುದಾದರೂ ಮಗುವಿಗೆ ಲೈಂಗಿಕ ತೊಂದರೆ ಆಗಿದ್ದರೆ, ತಪ್ಪಿಸಿಕೊಳ್ಳೋ ವಿಷಯ ಇದ್ದರೆ, ಕೋರ್ಟ್ ಕೇಳಿದರೆ ಹೇಳಬೇಕಾಗುತ್ತೆ. ಕಾನೂನು ಹೇಳಲೇಬೇಕು ಅನ್ನೋ ಬೇರೆ ದೊಡ್ಡ ಅಪರಾಧಗಳೂ ಇದಾವೆ. ಅದಕ್ಕೇ ನಿಮ್ಮ ಕೇಸಲ್ಲಿ ಏನಾಯ್ತು ಅಂತ ನನಗೆ ಹೇಳಬೇಡಿ, ಅದನ್ನು ನಿಮ್ಮ ವಕೀಲರಿಗೆ ಹೇಳಿ. ನಾನು ಈಗ ಹೇಳಿದ್ದರಲ್ಲಿ ನಿಮಗೆ ಏನು ಅರ್ಥ ಆಯ್ತು, ಒಂದು ಸಲ ಹೇಳ್ತೀರಾ?"

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೆಚ್ಚಿನವರು "ಹೂಂ ಮೇಡಂ, ಅರ್ಥ ಆಯ್ತು" ಅನ್ನುತ್ತಾರೆ. ಜೈಲಿನಲ್ಲಿ ಎಲ್ಲದಕ್ಕೂ ಹೂಂ ಅನ್ನುವುದೇ ರೂಢಿ. ಅವರ ಬಾಯಲ್ಲೇ ಕೇಳಿದಾಗ "ನೀವು ಜಡ್ಜ್ ಹತ್ತಿರ ಹೇಳ್ತೀರಂತೆ" ಎಂಬಂಥ ಉತ್ತರ ಬರಬಹುದು. ಆಗ ಮತ್ತೆ ವಿವರಿಸಬೇಕು. ವಿದ್ಯಾರ್ಥಿಗಳನ್ನು ಜೋಡಿ ಜೋಡಿಯಾಗಿ ಕೂರಿಸಿ, ಕಾಗದ ನೋಡದೆ ಇದನ್ನು ಸಹಜವಾಗಿ ಹೇಳುವವರೆಗೆ ಆಡಿಸಿ.

ಇಲ್ಲಿ ಆಗುವ ತಪ್ಪುಗಳು ಇವು. ಒಂದು, ಗಡಿಬಿಡಿಯಲ್ಲಿ "ಏನೇ ಇದ್ದರೂ ಹೇಳಿ, ನನ್ನಲ್ಲೇ ಇರುತ್ತೆ" ಎಂದುಬಿಡುವುದು. ಇನ್ನೊಂದು, ಭಾಷೆ ಬಾರದಿದ್ದಾಗ ಇನ್ನೊಬ್ಬ ಬಂದಿಯನ್ನು ದುಭಾಷಿಯಾಗಿ ಕೂರಿಸಿಕೊಳ್ಳುವುದು. ನಮ್ಮ ಜೈಲುಗಳಲ್ಲಿ ತಮಿಳು, ತೆಲುಗು, ಹಿಂದಿ, ಬಂಗಾಳಿ ಮಾತಾಡುವವರೂ ಇರುತ್ತಾರೆ. ದುಭಾಷಿ ಬಂದಿಗೆ ತಿಳಿದದ್ದು ಸಂಜೆಯೊಳಗೆ ಬ್ಯಾರಕ್‌ಗೆಲ್ಲ ಗೊತ್ತಾಗುತ್ತದೆ. ಭಾಷೆ ಬರುವ ಸಹಪಾಠಿ ಸಿಗುವವರೆಗೆ ಆ ಮಾತುಕತೆಯನ್ನು ಮುಂದೂಡುವುದೇ ಸರಿ. ಇನ್ನು ಸಂಬೋಧನೆ. ಸುತ್ತಲಿನವರು ಬಂದಿಯನ್ನು ಏಕವಚನದಲ್ಲಿ ಕರೆಯುತ್ತಿದ್ದರೆ ವಿದ್ಯಾರ್ಥಿಗೂ ಒಂದು ವಾರದಲ್ಲಿ ಅದೇ ಅಂಟಿಕೊಳ್ಳುತ್ತದೆ. ವಯಸ್ಸು ಎಷ್ಟೇ ಇರಲಿ, ಕೇಸು ಯಾವುದೇ ಇರಲಿ, ನೀವು ಎಂದೇ ಮಾತಾಡಬೇಕು.

4. ಒಪ್ಪಿಗೆ ಕೇಳುವುದನ್ನು ಕಲಿಸಿ

ಬೇಡ ಅನ್ನಲು ಧೈರ್ಯ ಇಲ್ಲದ ಕಡೆ ಸಹಿಗೆ ಬೆಲೆ ಕಡಿಮೆ. ವಾರ್ಡರ್ ಬಂದು "ಏಯ್, ಕೌನ್ಸೆಲಿಂಗ್‌ಗೆ ಬಾ" ಎಂದು ಕರೆತಂದ ವ್ಯಕ್ತಿ ಒಪ್ಪಿ ಬಂದಿದ್ದಾನೆ ಎಂದುಕೊಳ್ಳಬಾರದು. ಕೂತ ಮೇಲೆ ವಿದ್ಯಾರ್ಥಿಯೇ ಕೇಳಬೇಕು: "ನಿಮಗೆ ಇವತ್ತು ಮಾತಾಡೋಕೆ ಇಷ್ಟ ಇದೆಯಾ? ಇಲ್ಲ ಅಂದರೆ ಹತ್ತು ನಿಮಿಷ ಸುಮ್ನೆ ಕೂತು ಹೋಗಬಹುದು." ಬೇಡ ಅಂದವರ ಹೆಸರನ್ನು ಸಿಬ್ಬಂದಿಗೆ ಪಟ್ಟಿ ಮಾಡಿ ಕೊಡಬಾರದು.

ಡಿಸರ್ಟೇಶನ್‌ಗೆ ಮಾಹಿತಿ ಬೇಕು ಎಂಬ ಆಸೆ ವಿದ್ಯಾರ್ಥಿಗೆ ಇದ್ದೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಬಂದಿಗಳನ್ನು ಹೆಚ್ಚಿನ ರಕ್ಷಣೆ ಬೇಕಾದ ಗುಂಪಿನಲ್ಲಿ ಇಟ್ಟಿದೆ. ಸಂಶೋಧನೆಗೆ ಬೇರೆಯದೇ ಅನುಮತಿ, ನೈತಿಕ ಸಮಿತಿಯ ಒಪ್ಪಿಗೆ, ಬೇರೆಯೇ ಸಹಿ ಬೇಕು. ಸಾಂತ್ವನಕ್ಕೆ ಎಂದು ಕರೆದು ಕೂರಿಸಿ ಪ್ರಶ್ನಾವಳಿ ತುಂಬಿಸಿಕೊಳ್ಳುವುದು ಸರಿಯಲ್ಲ.

5. ಚಿಕ್ಕ ಉಪಕಾರಗಳ ಬಗ್ಗೆ ನಾಟಕ ಆಡಿಸಿ

ಜೈಲಿನಲ್ಲಿ ವಿದ್ಯಾರ್ಥಿ ಜಾರುವುದು ದೊಡ್ಡ ಆಮಿಷಕ್ಕಲ್ಲ, ಕರುಣೆಗೆ. ಬಂದಿಯೊಬ್ಬರ ತಾಯಿಗೆ ಹುಷಾರಿಲ್ಲ. ಒಂದು ಫೋನ್ ಮಾಡಿ ಹೇಗಿದ್ದಾರೆ ಎಂದು ಕೇಳಿದರೆ ಏನು ತಪ್ಪು, ಅಲ್ವಾ? ಮೊದಲು ಫೋನ್. ಆಮೇಲೆ ಒಂದು ಚೀಟಿ. ಆಮೇಲೆ ಯಾರೋ ಹೊರಗೆ ಕೊಡುವ ಸಣ್ಣ ಪೊಟ್ಟಣ. ಆ ಹಂತದಲ್ಲಿ ಇಲ್ಲ ಅನ್ನಲು ಹೋದರೆ "ಹೋದ ಸಲ ಫೋನ್ ಮಾಡಿದ್ರಲ್ಲ ಮೇಡಂ, ಹೇಳಿಬಿಡಲಾ?" ಎಂಬ ಮಾತು ಬರಬಹುದು. ಬಂದಿಗಳೆಲ್ಲ ಹೀಗೆ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನವರು ನಿಜವಾದ ಕಷ್ಟದಿಂದಲೇ ಕೇಳುತ್ತಾರೆ. ಆ ಕಷ್ಟಕ್ಕೆ ಸರಿಯಾದ ದಾರಿ ತೋರಿಸಲು ವಿದ್ಯಾರ್ಥಿಗೆ ಬರಬೇಕು, ಅಷ್ಟೇ.

ಹಾಗಾಗಿ ಇಲ್ಲ ಎನ್ನುವುದರ ಜೊತೆಗೆ ದಾರಿಯನ್ನೂ ಕಲಿಸಿ. "ನಾನು ಫೋನ್ ಮಾಡೋಕೆ ಆಗಲ್ಲ ಅಣ್ಣ. ಇಲ್ಲಿಂದಲೇ ಮನೆಗೆ ಮಾತಾಡೋಕೆ ಇರೋ ಫೋನಿನ ಬಗ್ಗೆ ಸಾಹೇಬರನ್ನು ಇವತ್ತೇ ಕೇಳ್ತೀನಿ." ವಕೀಲರಿಲ್ಲ ಎನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಹೊರಗಿರುವ ಮನೆಯವರು 15100ಕ್ಕೆ ಕರೆ ಮಾಡಬಹುದು. "ನನಗೆ ಇನ್ನೂ ಹದಿನೆಂಟು ಆಗಿಲ್ಲ" ಎಂದು ಯಾರಾದರೂ ಅಂದರೆ ಅದನ್ನು ಹಗುರವಾಗಿ ಬಿಡಬೇಡಿ. ವಯಸ್ಸಿನ ಪ್ರಶ್ನೆಯನ್ನು ಕೋರ್ಟಿನ ಮುಂದೆ ಯಾವ ಹಂತದಲ್ಲಾದರೂ ಎತ್ತಬಹುದು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅದೇ ದಿನ ಪ್ರಾಧಿಕಾರಕ್ಕೆ ತಿಳಿಯುವಂತೆ ಮಾಡಿ.

ಅಭ್ಯಾಸಕ್ಕೆ ಈ ಸನ್ನಿವೇಶಗಳನ್ನು ಕೊಡಿ. ಬಂದಿಯ ಪಾತ್ರವನ್ನು ನೀವೇ ಮಾಡಿ, ಸುಲಭಕ್ಕೆ ಬಿಡಬೇಡಿ.

ಬಂದಿಯೊಬ್ಬರು ತಾವೇ ಮಾಡಿದ ಚಿತ್ರವನ್ನು ಉಡುಗೊರೆ ಕೊಡುತ್ತಾರೆ. ಮತ್ತೊಬ್ಬರು "ಅಕ್ಕ" ಎಂದು ಕರೆದು, ಬಿಡುಗಡೆ ಆದ ಮೇಲೆ ಬರುತ್ತೀನಿ, ನಂಬರ್ ಕೊಡಿ ಎನ್ನುತ್ತಾರೆ. ಇನ್ನೊಬ್ಬರು "ಇಡೀ ಜೈಲಲ್ಲಿ ನೀವೊಬ್ಬರೇ ನನ್ನನ್ನು ಮನುಷ್ಯ ಅಂತ ನೋಡಿದ್ದು" ಎನ್ನುತ್ತಾರೆ. ಈ ಕೊನೆಯ ಮಾತು ಎಲ್ಲಕ್ಕಿಂತ ಕಷ್ಟದ್ದು. ಕೇಳಿದಾಗ ಹಿತವಾಗುತ್ತದೆ, ಹಿತವಾದ ಮೇಲೆ ನಿಯಮ ಸಡಿಲ ಮಾಡುವ ಮನಸ್ಸು ಬರುತ್ತದೆ.

ಸಿಬ್ಬಂದಿ ಕಡೆಯ ಸನ್ನಿವೇಶಗಳನ್ನೂ ಮರೆಯಬೇಡಿ. ವಾರ್ಡರ್ ಚಹಾ ಕೊಡುತ್ತಾ "ಏನಂದ ಅವನು? ಮೊಬೈಲ್ ಯಾರ ಹತ್ತಿರ ಇದೆಯಂತೆ?" ಎಂದು ಕೇಳುತ್ತಾರೆ. ಮುಖ ಗಂಟಿಕ್ಕಿಕೊಂಡು ನಿಯಮ ಹೇಳಿದರೆ ಮರುದಿನದಿಂದ ಬಾಗಿಲು ತೆಗೆಯುವುದೇ ತಡವಾಗಬಹುದು. "ಸರ್, ಅದನ್ನು ಹೇಳೋ ಹಾಗಿಲ್ಲ. ಅಪಾಯದ ವಿಷಯ ಇದ್ದರೆ ನಾವೇ ಸಾಹೇಬರಿಗೆ ತಿಳಿಸ್ತೀವಿ, ಒಪ್ಪಂದದಲ್ಲಿ ಹಾಗಿದೆ" ಎಂದು ನಗುಮುಖದಲ್ಲೇ ಹೇಳಬಹುದು. ಸಿಬ್ಬಂದಿಯೂ ಜನ ಕಡಿಮೆ ಇರುವ ಕಡೆ ಉದ್ದದ ಪಾಳಿ ಮಾಡುವವರು. ದೇಶದ ಜೈಲುಗಳಲ್ಲಿ ನೂರು ಬಂದಿಗಳ ಜಾಗಕ್ಕೆ ಸರಾಸರಿ 131 ಬಂದಿಗಳು ಇದ್ದರು, ಇದೂ 2022ರದೇ ಅಂಕಿ. ಸಿಬ್ಬಂದಿಯನ್ನು ಶತ್ರುಗಳಂತೆ ನೋಡುವ ವಿದ್ಯಾರ್ಥಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಒಂದು ಕಟ್ಟುನಿಟ್ಟಿನ ನಿಯಮ: ಬಂದಿಯ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಬಾರದು. ಸುದ್ದಿಯಲ್ಲಿ ಬಂದ ಕೇಸಾದರೆ ಕುತೂಹಲ ಆಗುತ್ತದೆ, ಗೊತ್ತು. ಓದಿದ ಮೇಲೆ ಕಣ್ಣು ಬದಲಾಗುತ್ತದೆ. ಹೆಸರು ಹೇಳದೆ "ಇವತ್ತು ಒಬ್ಬ ಫೇಮಸ್ ಆರೋಪಿ ಸಿಕ್ಕಿದ್ದ" ಎಂದು ಸ್ನೇಹಿತರ ಗುಂಪಿಗೆ ಹಾಕುವುದೂ ಗೌಪ್ಯತೆ ಮುರಿದಂತೆಯೇ.

6. ಜೀವದ ಅಪಾಯ, ಮೈಮೇಲಿನ ಗಾಯ

ಆತ್ಮಹತ್ಯೆಯ ಮಾತು ಬಂದರೆ ವಿದ್ಯಾರ್ಥಿ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಟ್ಟು ಏಳಬಾರದು. ಅಲ್ಲಿಂದಲೇ ಜೈಲಿನ ವೈದ್ಯರನ್ನು ಕರೆಸಬೇಕು, ನಿಮಗೆ ತಿಳಿಸಬೇಕು. ಹೊರಡುವ ಮೊದಲು ಯಾರಿಗೆ, ಎಷ್ಟು ಹೊತ್ತಿಗೆ ಹೇಳಿದೆ ಎಂದು ಬರೆದಿಡಬೇಕು. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಕಾವಲು ಹೆಚ್ಚಿಸುತ್ತೇವೆ ಎಂದು ಒಂಟಿ ಸೆಲ್‌ಗೆ ಹಾಕುವ ಯೋಚನೆ ಬಂದರೆ ನೀವು ಮಧ್ಯೆ ಬಂದು ಮಾತಾಡಿ. ಒಂಟಿತನ ಅಪಾಯವನ್ನು ಜಾಸ್ತಿ ಮಾಡುತ್ತದೆ. ಹಾಗೆ ಆದರೆ ಮುಂದೆ ಯಾರೂ ಸಾಯುವ ಯೋಚನೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹೊಡೆತದ ಗುರುತು ಕಂಡರೆ? ವಿದ್ಯಾರ್ಥಿ ತನಿಖೆ ಮಾಡಬಾರದು, ಫೋಟೋ ತೆಗೆಯಬಾರದು, ಸಿಬ್ಬಂದಿಯನ್ನು ಅಲ್ಲೇ ಪ್ರಶ್ನಿಸಬಾರದು. ಕಂಡದ್ದನ್ನು ಮಾತ್ರ ಬರೆಯಬೇಕು: ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ, ಬಂದಿ ಹೇಳಿದ್ದು ಅವರ ಮಾತಲ್ಲೇ. ಚಿತ್ರಹಿಂಸೆಯ ಗುರುತು ಕಂಡ ಆರೋಗ್ಯ ಸಿಬ್ಬಂದಿ ದಾಖಲಿಸಿ ಸಂಬಂಧಪಟ್ಟವರಿಗೆ ತಿಳಿಸಬೇಕು ಎಂದು ಮಂಡೇಲಾ ನಿಯಮಗಳಲ್ಲಿ 34ನೆಯದು ಹೇಳುತ್ತದೆ. ತಿಳಿಸಿದ ಮೇಲೆ ಆ ಬಂದಿಗೆ ಸೇಡಿನ ಅಪಾಯ ಬರದಂತೆ ನೋಡಬೇಕು ಎಂದೂ ಹೇಳುತ್ತದೆ. ಇದು ನಿಮ್ಮ ಕೆಲಸ, ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಯ ಮೇಲೆ ಹಾಕಬೇಡಿ. ಜೈಲಿನ ವೈದ್ಯರು, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲಿಗೆ ಭೇಟಿ ಕೊಡುವ ನ್ಯಾಯಾಧೀಶರು, ಇವು ನಿಮಗಿರುವ ದಾರಿಗಳು. ಮೊದಲು ಬಂದಿಯನ್ನೇ ಕೇಳಿ: ಹೇಳಿದರೆ ನಿಮಗೆ ಏನಾಗಬಹುದು ಅನಿಸುತ್ತೆ?

ತೀವ್ರ ಮಾನಸಿಕ ಕಾಯಿಲೆ ಕಂಡರೆ ದಾಖಲೆ ಮಾಡಿಸುವುದನ್ನು ತಡಮಾಡಬೇಡಿ. ಅಸ್ಸಾಂನಲ್ಲಿ 1951ರಲ್ಲಿ ಬಂಧನವಾದ ವ್ಯಕ್ತಿಯೊಬ್ಬರು ಮಾನಸಿಕ ಆಸ್ಪತ್ರೆ ಸೇರಿ, ವಿಚಾರಣೆಯೇ ನಡೆಯದೆ 2005ರಲ್ಲಿ ಹೊರಬಂದರು. ಕಾಗದದಲ್ಲಿ ಯಾರೂ ಅವರನ್ನು ನೆನಪಿಟ್ಟುಕೊಂಡಿರಲಿಲ್ಲ. 2017ರ ಕಾಯ್ದೆಯ 103ನೇ ಕಲಂ ಇಂಥ ಬಂದಿಗಳನ್ನು ಚಿಕಿತ್ಸೆಗೆ ಕಳಿಸುವ ದಾರಿ ಹೇಳುತ್ತದೆ. ವೈದ್ಯರಿಗೆ ಲಿಖಿತವಾಗಿ ಬರೆದು ಪ್ರತಿ ಇಟ್ಟುಕೊಳ್ಳಿ.

7. ವಾರಕ್ಕೊಮ್ಮೆ ಕೂತು ಮಾತಾಡಿ, ಮುಗಿಸುವುದನ್ನೂ ಕಲಿಸಿ

ಮೇಲ್ವಿಚಾರಣೆ ಎಂದರೆ ಕೇಸ್ ಶೀಟ್ ತಿದ್ದುವುದಷ್ಟೇ ಅಲ್ಲ. ಪ್ರತಿ ವಾರ ಮೂರು ಪ್ರಶ್ನೆ ಕೇಳಿ. ಈ ವಾರ ಯಾರು ನಿನ್ನ ಹತ್ತಿರ ಏನು ಕೇಳಿದರು? ಯಾರ ಮೇಲೆ ಅಸಹ್ಯ ಆಯಿತು, ಯಾರ ಮೇಲೆ ಜಾಸ್ತಿ ಕನಿಕರ ಬಂತು? ನನಗೆ ಹೇಳಬೇಡ ಅನಿಸಿದ ವಿಷಯ ಏನಾದರೂ ಇದೆಯಾ? ಮೂರನೆಯದಕ್ಕೆ ನಿಜವಾದ ಉತ್ತರ ಬರಬೇಕಾದರೆ ನೀವು ಬೈಯಬಾರದು. ಬೈಗುಳದ ಭಯಕ್ಕೆ ಫೋನ್ ಮಾಡಿದ ವಿಷಯ ಮುಚ್ಚಿಟ್ಟ ವಿದ್ಯಾರ್ಥಿ ಚೀಟಿಯನ್ನೂ ಮುಚ್ಚಿಡುತ್ತಾನೆ.

ಮಕ್ಕಳ ಮೇಲಿನ ದೌರ್ಜನ್ಯದ ಆರೋಪಿ ಜೊತೆ ಕೂರಲು ಆಗುವುದಿಲ್ಲ ಎಂದು ಯಾರಾದರೂ ಅಂದರೆ ಒಪ್ಪಿಕೊಳ್ಳಿ. ಕಾರಣ ಕೆದಕಬೇಡಿ, ಅಂಕ ಕಡಿಮೆ ಮಾಡಬೇಡಿ. ಆ ಬಂದಿಗೆ ಬೇರೆಯವರನ್ನು ಕೊಡಿ, ಏಕೆಂದರೆ ಅವರಿಗೂ ಆರೈಕೆಯ ಹಕ್ಕಿದೆ.

ತರಬೇತಿ ಮುಗಿಯುವ ದಿನಾಂಕವನ್ನು ಮೊದಲ ಭೇಟಿಯಲ್ಲೇ ಬಂದಿಗೆ ತಿಳಿಸಿರಬೇಕು. ಕೋರ್ಟಿಗೆ ಹೋದವರು ಜಾಮೀನು ಸಿಕ್ಕಿ ವಾಪಸ್ ಬಾರದೆ ಇರಬಹುದು, ರಾತ್ರೋರಾತ್ರಿ ಬೇರೆ ಜೈಲಿಗೆ ವರ್ಗ ಆಗಬಹುದು. ಹಾಗಾಗಿ ಪ್ರತಿ ಭೇಟಿಯೂ ಅಷ್ಟಕ್ಕೇ ಪೂರ್ತಿ ಅನಿಸುವಂತೆ ಮುಗಿಸಲು ಕಲಿಸಿ, ಅರ್ಧಕ್ಕೆ ನಿಂತ ನೋವನ್ನು ತೆರೆದಿಟ್ಟು ಏಳಬಾರದು. ಬಿಡುಗಡೆ ಹತ್ತಿರ ಇರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದು ಕೊಡಿ. ಅಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಕೊನೆಯ ದಿನ ಟಿಪ್ಪಣಿಗಳೆಲ್ಲ ಒಪ್ಪಂದದಲ್ಲಿ ಹೇಳಿದ ಕಪಾಟಿಗೆ ಹೋಗಬೇಕು. ವಿದ್ಯಾರ್ಥಿಯ ಬ್ಯಾಗು, ಲ್ಯಾಪ್‌ಟಾಪ್, ಮೊಬೈಲಿನಲ್ಲಿ ಒಂದು ಹೆಸರೂ ಉಳಿದಿಲ್ಲ ಎಂದು ನೀವೇ ಕೂತು ನೋಡಿ, ಆಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕಿ.